ಹಡಗು ನಿಂತಷ್ಟು ಹೊತ್ತು



ಮಂಗಳೂರಿನ ಉತ್ತರಕ್ಕೆ, ಪಣಂಬೂರಿನ ಕಡಲತಡಿಯಲ್ಲಿ, 1974ರಲ್ಲಿ ದೇಶದ ಒಂಬತ್ತನೆಯ ಪ್ರಧಾನ ಬಂದರೆಂದು ಘೋಷಿತವಾದ ನವಮಂಗಳೂರು ಬಂದರಿಗೆ, ಮಳೆಗಾಲ ಕಳೆದು ಸಮುದ್ರವು ಶಾಂತವಾದ ತಿಂಗಳುಗಳಲ್ಲಿ, ಅದಿರು ಎಣ್ಣೆಗಳ ಹಡಗುಗಳ ನಡುವೆ, ಜನ ಕ್ರೂಸ್ ಎಂದು ಕರೆಯುವ ಬಹು ಅಂತಸ್ತಿನ ವಿಹಾರನೌಕೆಗಳೂ ಬಂದು ತಂಗುವುದುಂಟು. ಬೆಳಗಿನಲ್ಲಿ ಧಕ್ಕೆಗೆ ಬಂದ ನೌಕೆ ಸಾಯಂಕಾಲಕ್ಕೆ ಹೊರಟುಬಿಡುತ್ತದೆ. ನಡುವಿನ ಎಂಟು ಹತ್ತು ಗಂಟೆಗಳು ಪ್ರಯಾಣಿಕರ ಸ್ವಂತದವು. ಆ ಅವಧಿಯಲ್ಲಿ ಅವರು ಎರಡು ಗುಂಪಾಗುತ್ತಾರೆ. ಹಡಗಿನ ಕಂಪನಿಯವರೇ ಗೊತ್ತುಮಾಡಿದ ಬಸ್ಸುಗಳನ್ನೇರಿ, ಮಾರ್ಗದರ್ಶಕನ ಹಿಂದೆ ಹಿಂದೆ ನಡೆದು, ಮೂಡಬಿದಿರೆಯ ಬಸದಿ, ಕಾರ್ಕಳದ ಗೊಮ್ಮಟ, ಕುದ್ರೋಳಿಯ ಗೋಕರ್ಣನಾಥ, ಗೋಡಂಬಿಯ ಕಾರ್ಖಾನೆ ಎಂದು ಒಂದೇ ದಿವಸದಲ್ಲಿ ಎಲ್ಲವನ್ನೂ ಮುಟ್ಟಿಬರುವವರು ಒಂದು ಗುಂಪು. ಆ ಪ್ರವಾಸದ ದರಪಟ್ಟಿಯನ್ನು ನೋಡಿ ಹುಬ್ಬೇರಿಸಿ, ಬಂದರಿನ ಹೆಬ್ಬಾಗಿಲನ್ನು ದಾಟಿದೊಡನೆಯೆ ತಮ್ಮ ಕಾಲು, ತಮ್ಮ ಬಾಯಿ, ತಮ್ಮ ಕಿಸೆಗಳನ್ನು ನಂಬಿ ಹೊರಡುವವರು ಇನ್ನೊಂದು ಗುಂಪು. ಈ ಹೊತ್ತು ನಾನು ಮಾತನಾಡಬಯಸುವುದು ಎರಡನೆಯವರ ಪರವಾಗಿ.

ಜಮಖಂಡಿ, ಮುಧೋಳ, ಬೀಳಗಿ, ರಬಕವಿ-ಬನಹಟ್ಟಿಗಳಲ್ಲಿ ಕುಳಿತು ಈ ಮಾತನ್ನು ಕೇಳುತ್ತಿರುವವರು, ಕಬ್ಬಿನ ಗದ್ದೆಗೂ ಕಡಲಿಗೂ ಏನು ಸಂಬಂಧವೆಂದು ಕೇಳಬಹುದು. ಸಂಬಂಧವು ಈಚೆಗೆ ಬೆಳೆದಿದೆ. ಮುಂಬಯಿಯಿಂದ ಗೋವೆಗೂ ಕೊಚ್ಚಿಗೂ ಲಕ್ಷದ್ವೀಪಕ್ಕೂ ಹೋಗಿಬರುವ ನೌಕೆಗಳಲ್ಲಿ ಈಗ ಮಧ್ಯಮ ವರ್ಗದ ಸಂಸಾರಗಳೂ ಜಾಗ ಹಿಡಿಯುತ್ತಿವೆ. ಕುಡಚಿಯಲ್ಲೋ ಮಿರಜಿನಲ್ಲೋ ರಾತ್ರಿಯ ರೈಲು ಹತ್ತಿದರೆ ಬೆಳಗಾಗುವುದರೊಳಗೆ ಮುಂಬಯಿ ಸಿಕ್ಕುತ್ತದೆ. ನಿವೃತ್ತರಾದ ಮಾಸ್ತರರು, ನೂಲಿನ ವ್ಯಾಪಾರಿಗಳು, ಮಗನ ಒತ್ತಾಯಕ್ಕೆ ಮಣಿದ ಒಕ್ಕಲಿಗರು ಇಂತಹ ಯಾತ್ರೆಗೆ ಹೊರಡುವುದು ಇನ್ನು ಆಶ್ಚರ್ಯದ ಮಾತಲ್ಲ. ಬಯಲುಸೀಮೆಯವರಿಗೆ ಸಮುದ್ರವು ಪರಕೀಯವೆಂಬ ವಾದವೂ ನಿಲ್ಲತಕ್ಕದ್ದಲ್ಲ. ಸವಣೂರಿನಲ್ಲಿ ಹುಟ್ಟಿದ ವಿನಾಯಕ ಕೃಷ್ಣ ಗೋಕಾಕರು ವ್ಯಾಸಂಗಾರ್ಥವಾಗಿ ಆಕ್ಸ್‌ಫರ್ಡಿಗೆ ಹೋದುದು ಹಡಗಿನಲ್ಲಿಯೇ. ಕನ್ನಡಕ್ಕೆ ‘ಸಮುದ್ರಗೀತಗಳು’ ಬಂದುದು ಕರಾವಳಿಯವರಿಂದಲ್ಲ, ಅವರಿಂದ.

ಆದರೆ ಹಡಗಿನ ಟಿಕೀಟಿಗೆ ಹಣ ಕೂಡಿಸಿದ ಸಂಸಾರವು, ಒಂದೊಂದು ಬಂದರಿನಲ್ಲಿಯೂ ತಲೆಗಿಷ್ಟು ಎಂದು ಮತ್ತೆ ಹಣ ಸುರಿಯಬೇಕಾಗಿ ಬಂದಾಗ, ಕೆಳಗಿಳಿಯದೆ ಹಡಗಿನಲ್ಲಿಯೇ ಊಟಮಾಡಿ ಮಲಗುವುದುಂಟು. ಇಲ್ಲವೆ ಅಂಜಿ, ಕಂಪನಿಯ ಬಸ್ಸಿಗೇ ಹಣ ಕಟ್ಟುವುದುಂಟು. ಈ ಅಂಜಿಕೆಗೆ ಒಂದು ನ್ಯಾಯವಾದ ಕಾರಣವಿದೆ. ಕಂಪನಿಯವರು ಕರೆದೊಯ್ದ ಬಸ್ಸು ದಾರಿಯಲ್ಲಿ ಸಿಕ್ಕಿಬಿದ್ದು ತಡವಾದರೆ ಹಡಗು ಸಾಮಾನ್ಯವಾಗಿ ಅವರಿಗಾಗಿ ಕಾಯುತ್ತದೆ. ತಾನಾಗಿ ಹೋದವನು ತಡವಾಗಿ ಬಂದರೆ ಹಡಗು ಅವನನ್ನು ಬಿಟ್ಟು ಹೋಗುತ್ತದೆ, ಮುಂದಿನ ಬಂದರಿಗೆ ಆತನು ತನ್ನ ಖರ್ಚಿನಲ್ಲಿ ಹೋಗಿ ಸೇರಿಕೊಳ್ಳಬೇಕು. ಕಂಪನಿಯವರು ಮಾರುವ ಪದಾರ್ಥದಲ್ಲಿ ಅರ್ಧಕ್ಕಿಂತ ಹೆಚ್ಚಿನದು ಈ ಅಭಯವೇ. ಆ ಅಭಯವನ್ನು ಹಣ ಕೊಡದೆ ಪಡೆಯುವ ಮಾರ್ಗ ಒಂದೇ: ಬೇಗ ಹಿಂದಿರುಗುವುದು.

ಇದನ್ನು ನಮ್ಮ ಕಡೆಯವರಿಗೆ ಹೊಸದಾಗಿ ಯಾರೂ ಕಲಿಸಬೇಕಾಗಿಲ್ಲ. ಹಳ್ಳಿಯಿಂದ ಜಮಖಂಡಿಯ ಕಚೇರಿಗೋ ಮುಧೋಳದ ಸಂತೆಗೋ ಬನಹಟ್ಟಿಯ ಅಂಗಡಿಗೋ ಬಂದ ಮನುಷ್ಯನು, ದಿನವೆಲ್ಲ ಎಷ್ಟೇ ಕೆಲಸಗಳಲ್ಲಿ ಮುಳುಗಿದ್ದರೂ, ಮನಸ್ಸಿನ ಒಂದು ಮೂಲೆಯಲ್ಲಿ ವಸ್ತಿ ಬಸ್ಸಿನ ವೇಳೆಯನ್ನು ಇಟ್ಟುಕೊಂಡೇ ಇರುತ್ತಾನೆ. ರಾತ್ರಿ ಹಳ್ಳಿಯಲ್ಲಿಯೇ ತಂಗಿ ಮುಂಜಾನೆ ಮರಳುವ ಆ ಬಸ್ಸು ತಪ್ಪಿದರೆ ಆ ದಿನ ಊರಿಗೆ ದಾರಿಯಿಲ್ಲ. ಆದುದರಿಂದ ಆತನು ಅರ್ಧ ಗಂಟೆ ಮೊದಲೇ ನಿಲ್ದಾಣಕ್ಕೆ ಬಂದು ಚೀಲವನ್ನು ಕಾಲಸಂದಿಯಲ್ಲಿಟ್ಟುಕೊಂಡು ಕೂಡುತ್ತಾನೆ. ವಸ್ತಿ ಬಸ್ಸನ್ನು ತಪ್ಪಿಸಿಕೊಳ್ಳದೆ ಬಾಳಿದವನಿಗೆ ಹಡಗಿನ ಭಯ ಬೇಡ. ಅರ್ಧ ಗಂಟೆಯ ಬದಲಾಗಿ ಎರಡು ಗಂಟೆ ಮೊದಲು ಎಂದಿಟ್ಟುಕೊಂಡರೆ ಸಾಕು.

ಇನ್ನು ಕೆಲವು ಸೂಕ್ಷ್ಮಗಳಿವೆ. ಹಡಗು ಹೊರಡುವ ವೇಳೆ ಬೇರೆ, ಎಲ್ಲರೂ ಒಳಗಿರಬೇಕಾದ ವೇಳೆ ಬೇರೆ. ಎರಡನೆಯದು ಅರ್ಧ ಗಂಟೆಯಷ್ಟೋ ಅದಕ್ಕೂ ಹೆಚ್ಚೋ ಮೊದಲು ಬರುತ್ತದೆ, ಗುರುತಿಟ್ಟುಕೊಳ್ಳಬೇಕಾದುದು ಅದನ್ನೇ. ಪರದೇಶದ ಬಂದರುಗಳಲ್ಲಿ ಊರಿನ ಗಡಿಯಾರವೂ ಹಡಗಿನ ಗಡಿಯಾರವೂ ಬೇರೆಬೇರೆ ವೇಳೆ ತೋರಿಸುವುದುಂಟು. ಕೈಗಡಿಯಾರವನ್ನು ಹಡಗಿನ ವೇಳೆಗೇ ಬಿಟ್ಟಿರಬೇಕು. ಕಿಸೆಯಲ್ಲಿರುವ ಮೊಬೈಲು ತಾನಾಗಿ ಊರಿನ ವೇಳೆಗೆ ತಿರುಗಿಕೊಳ್ಳುವುದರಿಂದ ಅದನ್ನು ನಂಬುವಂತಿಲ್ಲ. ಹಡಗಿನವರು ಕೊಡುವ ಕಾರ್ಡು, ಗುರುತಿನ ಚೀಟಿ, ಹಡಗಿನ ದಿನಪತ್ರಿಕೆಯಲ್ಲಿ ಅಚ್ಚಾಗಿರುವ ಆ ಬಂದರಿನ ಏಜೆಂಟರ ದೂರವಾಣಿ ಸಂಖ್ಯೆ, ಇವಿಷ್ಟು ಮೈಮೇಲೆ ಇರಲಿ. ಲಕ್ಷದ್ವೀಪದಂತಹ ಕಡೆಗಳಲ್ಲಿ ದೊಡ್ಡ ಹಡಗು ದಡಕ್ಕೆ ಬರಲಾರದೆ ದೂರದಲ್ಲಿ ನಿಲ್ಲುತ್ತದೆ, ಸಣ್ಣ ದೋಣಿಗಳಲ್ಲಿ ಜನರನ್ನು ಇಳಿಸುತ್ತಾರೆ. ಅಲ್ಲಿ ಕೊನೆಯ ದೋಣಿಯ ವೇಳೆಯೇ ವೇಳೆ.

ಮಂಗಳೂರನ್ನೇ ಮಾದರಿಯಾಗಿ ತೆಗೆದುಕೊಳ್ಳಿ. ಬಂದರಿನ ಹೊರಗೆ, ಸುರತ್ಕಲ್ಲಿನ ಕಡೆಯಿಂದ ಬರುವ ಹೆದ್ದಾರಿಯಲ್ಲಿ, ಹಣೆಯ ಮೇಲೆ ‘ಸ್ಟೇಟ್ ಬ್ಯಾಂಕ್’ ಎಂಬ ಫಲಕವಿರುವ ಸಿಟಿ ಬಸ್ಸುಗಳು ಒಂದರ ಹಿಂದೊಂದು ಓಡುತ್ತಿರುತ್ತವೆ. ಅದು ಬ್ಯಾಂಕಿಗೆ ಹೋಗುವವರ ಬಸ್ಸೆಂದು ಹೊಸಬರು ಬಿಟ್ಟುಬಿಡುತ್ತಾರೆ, ಆದರೆ ಊರಿನ ನಡುವಿನ ನಿಲ್ದಾಣಕ್ಕೆ ಆ ಊರವರು ಇಟ್ಟ ಹೆಸರೇ ಅದು. ಅಲ್ಲಿಳಿದರೆ ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾಮಂದಿರಕ್ಕೆ ನಡೆದೇ ಹೋಗಬಹುದು. ಹತ್ತೊಂಬತ್ತನೆಯ ಶತಮಾನದ ಅಂತ್ಯದಲ್ಲಿ ಇಟಲಿಯಿಂದ ಬಂದ ಆಂಟೋನಿಯೋ ಮೊಸ್ಕೇನಿ ಎಂಬ ಸಾಧುವು ಗೋಡೆ ಮಾಳಿಗೆಗಳ ಮೇಲೆ ಬರೆದ ಚಿತ್ರಗಳು ಅಲ್ಲಿವೆ. ಕದ್ರಿಯ ಮಂಜುನಾಥನ ಗುಡಿಯಲ್ಲಿ ಕ್ರಿ. ಶ. 968ರ ಶಾಸನವುಳ್ಳ ಲೋಕೇಶ್ವರನ ಕಂಚಿನ ವಿಗ್ರಹವಿದೆ. ಅದರ ಮುಂದೆ ಒಂದು ಗಂಟೆ ನಿಂತವನು ಮಂಗಳೂರನ್ನು ನೋಡಲಿಲ್ಲವೆಂದು ಯಾರೂ ಹೇಳಲಾಗದು. 1430ರಲ್ಲಿ ಕಟ್ಟಿದ ಮೂಡಬಿದಿರೆಯ ಸಾವಿರ ಕಂಬದ ಬಸದಿಗೂ ಸರ್ವೀಸ್ ಬಸ್ಸುಗಳಿವೆ. ಆದರೆ ಅದನ್ನು ನೋಡುವ ದಿನ ಬೇರೆ ಏನನ್ನೂ ಇಟ್ಟುಕೊಳ್ಳಬಾರದು. ಮಧ್ಯಾಹ್ನದ ಮೇಲೆ ಹೊತ್ತು ಮಿಕ್ಕರೆ ಸುಲ್ತಾನ್ ಬತ್ತೇರಿಯಿಂದ ದೋಣಿಯಲ್ಲಿ ನದಿ ದಾಟಿ ತಣ್ಣೀರುಬಾವಿಯ ಮರಳಿಗೆ ಹೋಗಬಹುದು. ಆ ಮರಳದಂಡೆಯು ಬಂದರಿರುವ ಮಗ್ಗುಲಲ್ಲಿಯೇ ಇರುವುದರಿಂದ, ದೋಣಿ ದಾಟಿದವನು ಹಡಗಿನ ಕಡೆಗೆ ಮುಖ ಮಾಡಿದಂತೆಯೂ ಆಯಿತು.

ಇಂತಹ ವಿದ್ಯೆಯ ಅಭ್ಯಾಸಕ್ಕೆ ಮನೆಯ ಅಂಗಳವೇ ತಕ್ಕದ್ದು ಎಂಬುದು ನನ್ನ ಮತ. ನಮ್ಮ ನಾಲ್ಕು ಊರುಗಳಲ್ಲಿ ಒಂದರವರು ಇನ್ನೊಂದನ್ನು ಎಷ್ಟು ಬಲ್ಲರು? ಬೀಳಗಿಯವರು ಜಮಖಂಡಿಯ ಆಸ್ಪತ್ರೆಯನ್ನು ಬಲ್ಲರು, ಜಮಖಂಡಿಯವರು ಬನಹಟ್ಟಿಯ ಸೀರೆಯಂಗಡಿಯನ್ನು ಬಲ್ಲರು. ಅದರಾಚೆಗೆ ಊರು ಅವರಿಗೆ ಬಸ್ಸಿನ ಕಿಟಕಿಯಲ್ಲಿ ಕಂಡಷ್ಟೇ. ಒಂದು ರಜೆಯ ದಿನ, ಇಗೋ ನನ್ನ ಹಡಗು ಈ ಊರಿನ ನಿಲ್ದಾಣದಲ್ಲಿ ಮುಂಜಾನೆ ಎಂಟಕ್ಕೆ ನಿಂತಿತು, ಸಂಜೆ ಐದಕ್ಕೆ ಹೊರಡುವುದು, ಎಂದು ಸಂಕಲ್ಪಮಾಡಿ ಇಳಿಯಿರಿ.

ಜಮಖಂಡಿಯಲ್ಲಿ ಇಳಿದವನನ್ನು ಎಲ್ಲರೂ ರಾಮತೀರ್ಥಕ್ಕೆ ಕಳುಹುತ್ತಾರೆ; ಪಟವರ್ಧನ ಸಂಸ್ಥಾನಿಕರ ಅರಮನೆಯೂ ಗುಡಿಯೂ ಅಲ್ಲಿವೆ, ಕಳುಹುವುದು ಸರಿಯೇ. ಆದರೆ 1811ರಿಂದ 1948ರವರೆಗೆ ಒಂದು ಪುಟ್ಟ ರಾಜ್ಯದ ರಾಜಧಾನಿಯಾಗಿದ್ದ ಊರನ್ನು ಅರಮನೆಯಿಂದ ಮಾತ್ರ ಅಳೆಯುವುದು ನನಗೆ ಒಗ್ಗದು. ಪರಶುರಾಮಭಾವು ಹೈಸ್ಕೂಲಿನ ಮುಂದೆ ಒಂದು ಗಳಿಗೆ ನಿಲ್ಲಬೇಕು. 1886ರಲ್ಲಿ ಇದೇ ಊರಿನಲ್ಲಿ ಹುಟ್ಟಿ, ಉಪನಿಷತ್ತುಗಳ ತತ್ತ್ವಜ್ಞಾನವನ್ನು ಕುರಿತು ಜಗತ್ತೇ ಓದಿದ ಗ್ರಂಥವನ್ನು ಬರೆದು, ಕಡೆಗೆ ನಿಂಬಾಳದ ಆಶ್ರಮದಲ್ಲಿ ಧ್ಯಾನನಿಷ್ಠರಾದ ಗುರುದೇವ ರಾನಡೆಯವರು ಓದಿದ ಶಾಲೆ ಅದು. ಇದೇ ತಾಲೂಕಿನ ಸಾವಳಗಿಯಲ್ಲಿ 1912ರಲ್ಲಿ ಹುಟ್ಟಿದ ಬಸಪ್ಪ ದಾನಪ್ಪ ಜತ್ತಿಯವರು ಈ ಪುಟ್ಟ ಸಂಸ್ಥಾನದ ಮಂತ್ರಿಪದವಿಯಿಂದ ಹೊರಟು, ಮೈಸೂರು ರಾಜ್ಯದ ಮುಖ್ಯಮಂತ್ರಿಗಳಾಗಿ, 1977ರಲ್ಲಿ ಕೆಲವು ತಿಂಗಳು ರಾಷ್ಟ್ರಪತಿಯ ಕಾರ್ಯಭಾರವನ್ನೂ ಹೊತ್ತರು. ಇಷ್ಟನ್ನು ತಿಳಿದುಕೊಂಡು ಹಳೆಯ ಬಜಾರದ ಓಣಿಗಳಲ್ಲಿ ನಡೆದರೆ, ಕಟ್ಟಿಗೆಯ ಕಂಬಗಳ ವಾಡೆಗಳೂ ಅವುಗಳ ಕಟ್ಟೆಯ ಮೇಲಿನ ಮಾತುಗಳಲ್ಲಿ ಬೆರೆತ ಮರಾಠಿಯೂ ತಮ್ಮ ಕಥೆಯನ್ನು ತಾವೇ ಹೇಳುತ್ತವೆ. ಕಾಸು ಖರ್ಚಿಲ್ಲ.

ಹೊತ್ತಿದ್ದರೆ ವಿಜಯಪುರದ ರಸ್ತೆಯಲ್ಲಿ ಚಿಕ್ಕಪಡಸಲಗಿಯವರೆಗೆ ಹೋಗಬೇಕು. ಕೃಷ್ಣೆಗೆ ಅಡ್ಡಲಾಗಿ ಅಲ್ಲಿ ನಿಂತಿರುವ ಬ್ಯಾರೇಜು ಸರಕಾರವು ಕಟ್ಟಿಸಿದುದಲ್ಲ. ಸಿದ್ದು ನ್ಯಾಮಗೌಡರ ಮುಂದಾಳುತನದಲ್ಲಿ ರೈತರು ತಾವೇ ಹಣ ಕೂಡಿಸಿ, ತಾವೇ ಕಲ್ಲು ಮಣ್ಣು ಹೊತ್ತು, 1989ರಲ್ಲಿ ಮುಗಿಸಿದ ಕಟ್ಟಡವದು. ಶ್ರಮಬಿಂದು ಸಾಗರವೆಂದು ಅದಕ್ಕೆ ಹೆಸರು. ಅರಮನೆಯನ್ನು ನೋಡಲು ಹೊತ್ತು ಸಾಲದೆ ಹೋದರೆ ಅದನ್ನು ಬಿಟ್ಟು ಇದನ್ನು ನೋಡಿರಿ ಎಂದು ಹೇಳಲು ನನಗೆ ಸಂಕೋಚವಿಲ್ಲ.

ಮುಧೋಳದಲ್ಲಿ ಆಯ್ಕೆ ಕಠಿನವಾದುದು. ಘಟಪ್ರಭೆಯ ದಂಡೆಯ ಈ ಊರು ಹತ್ತನೆಯ ಶತಮಾನದ ಕವಿಚಕ್ರವರ್ತಿ ರನ್ನನ ಹುಟ್ಟೂರು. ಬೆಳುಗಲಿ ಐನೂರರೊಳಗಿನ ಜಂಬುಖಂಡಿ ಎಪ್ಪತ್ತಕ್ಕೆ ಸೇರಿದ ಮುದುವೊಳಲು ತನ್ನ ಊರೆಂದು ಆತನೇ ಹೇಳಿಕೊಂಡಿರುವುದರಿಂದ, ಜಮಖಂಡಿ ಮುಧೋಳಗಳ ನಂಟು ಸಂಸ್ಥಾನಗಳ ಕಾಲಕ್ಕಿಂತ ಬಹಳ ಹಿಂದಿನದು. ಆತನದು ಬಳೆಗಾರರ ಮನೆತನ. ಬಳೆಯ ಮಲಾರ ಹೊತ್ತು ಊರಿಂದೂರಿಗೆ ನಡೆದು, ಅಪರಿಚಿತರ ಅಂಗಳದಲ್ಲಿ ಮಾತು ತೆಗೆದು, ಹೊತ್ತು ಮುಳುಗುವುದರೊಳಗೆ ಮುಂದಿನ ಊರು ಸೇರುವುದನ್ನು ಬಲ್ಲ ಕುಲಕ್ಕಿಂತ ನನ್ನ ಇಂದಿನ ವಿಷಯಕ್ಕೆ ಹೆಚ್ಚು ಹತ್ತಿರದವರು ಯಾರು? ಕವಿಯ ಮನೆ ಎಲ್ಲಿತ್ತೆಂದು ತೋರಿಸುವವರಿಲ್ಲ. ಆತನ ಗದಾಯುದ್ಧವನ್ನು ಓದಿದವನಾದರೆ ಹೊಳೆಯ ದಂಡೆಗೆ ಹೋಗಿ ಕುಳಿತು ಬರಲಿ. ಇನ್ನು ಎಳೆಯರಿಗೆ ಬೇಕಾದುದು ಘೋರ್ಪಡೆ ಸಂಸ್ಥಾನಿಕರು ಪೋಷಿಸಿದ ಬೇಟೆನಾಯಿಗಳು. ತೆಳ್ಳನೆಯ ಮೈಯ, ನೀಳ ಕಾಲಿನ ಈ ತಳಿಯ ಚಿತ್ರವನ್ನು ಭಾರತದ ಅಂಚೆ ಇಲಾಖೆ 2005ರಲ್ಲಿ ಅಂಚೆಚೀಟಿಯ ಮೇಲೆ ಮುದ್ರಿಸಿತು. ಊರ ಹತ್ತಿರದ ತಿಮ್ಮಾಪುರದಲ್ಲಿ ಇದರ ಸಂಶೋಧನ ಕೇಂದ್ರವಿದೆ. ಅಲ್ಲಿಗೆ ಹೋಗುವವರು ಮೊದಲೇ ವಿಚಾರಿಸಿಕೊಂಡು ಹೋಗಬೇಕು, ಬಾಗಿಲು ಹಾಕಿದ್ದರೆ ಟಂಟಂನ ಬಾಡಿಗೆಯೂ ಅರ್ಧ ದಿನವೂ ವ್ಯರ್ಥ. ಎರಡನ್ನೂ ಒಂದೇ ದಿನಕ್ಕೆ ತುರುಕಿದರೆ ಮೂರನೆಯದಾಗಿ ಹಲಗಲಿ ನೆನಪಾಗುತ್ತದೆ. ಆಯುಧಗಳನ್ನು ಒಪ್ಪಿಸೆವೆಂದು 1857ರಲ್ಲಿ ಆಂಗ್ಲ ಸರಕಾರವನ್ನು ಎದುರಿಸಿ ಗಲ್ಲಿಗೇರಿದ ಬೇಡರ ಹಳ್ಳಿಯದು, ಅವಸರದಲ್ಲಿ ಹಾದುಹೋಗುವ ಸ್ಥಳವಲ್ಲ. ಒಂದು ನಿಲುಗಡೆಗೆ ಒಂದೇ ನೋಟವೆಂಬ ನಿಯಮವು ಮುಧೋಳದಲ್ಲಿ ಪಾಲಿಸಲು ಬಂದರೆ ಜಗತ್ತಿನ ಯಾವ ಬಂದರಿನಲ್ಲಾದರೂ ಬಂದೀತು.

ರಬಕವಿ-ಬನಹಟ್ಟಿಗಳನ್ನು ಕುರಿತು ಹೆಚ್ಚು ಹೇಳಬೇಕಾಗಿಲ್ಲ. ಮಗ್ಗದ ಸದ್ದು ಕೇಳಿದ ಬಾಗಿಲ ಮುಂದೆ ನಿಂತು, ಒಳಗೆ ಬರಬಹುದೇ ಎಂದು ಮರ್ಯಾದೆಯಿಂದ ಕೇಳಿದರೆ ಸಾಕು. ಕೊಳ್ಳುವ ಮನಸ್ಸಿಲ್ಲದಿದ್ದರೆ ಮೊದಲೇ ಹಾಗೆಂದು ಹೇಳಿಬಿಡುವುದು ಸಜ್ಜನಿಕೆ. ಅಲ್ಲಿಂದ ತೇರದಾಳವು ಹತ್ತಿರ. 1123ರಲ್ಲಿ ಮಾಂಡಲಿಕ ಗೊಂಕನು ಕಟ್ಟಿಸಿದ ನೇಮಿನಾಥ ಬಸದಿ ಅಲ್ಲಿದೆ. ಮೂಡಬಿದಿರೆಯ ಬಸದಿಗಿಂತ ಮುನ್ನೂರು ವರ್ಷ ಹಿರಿದಾದ ಜಿನಾಲಯವು ಮನೆಯ ಬಾಗಿಲಲ್ಲಿರುವಾಗ ಅದನ್ನು ನೋಡದೆ ಕಡಲ ಕಡೆಗೆ ಧಾವಿಸುವುದು ನಮ್ಮ ಜನರ ರೂಢಿ. ಹಿಂತಿರುಗುವಾಗ ಮಹಾಲಿಂಗಪುರದ ಬೆಲ್ಲದ ಪೇಟೆಯಲ್ಲಿ ಒಂದು ಅಚ್ಚು ಕೊಂಡರೆ ಆ ದಿನದ ದೊಡ್ಡ ಖರ್ಚು ಅದೇ ಆದೀತು.

ಬೀಳಗಿಗೆ ಬಂದಾಗ ಮಾತ್ರ ಬಂದರಿನ ಮಾತು ನಿಜಕ್ಕೆ ತೀರ ಸಮೀಪಿಸುತ್ತದೆ. 1964ರ ಮೇ ತಿಂಗಳಲ್ಲಿ ಲಾಲ್ ಬಹಾದೂರ್ ಶಾಸ್ತ್ರಿಗಳು ಅಡಿಗಲ್ಲಿಟ್ಟು, 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅವರು ಲೋಕಾರ್ಪಣ ಮಾಡಿದ ಆಲಮಟ್ಟಿ ಅಣೆಕಟ್ಟಿನ ಹಿನ್ನೀರು, ಕೃಷ್ಣೆ ಘಟಪ್ರಭೆಗಳೆರಡರ ಪಾತ್ರಗಳಲ್ಲಿಯೂ ಏರಿಬಂದು, ಈ ತಾಲೂಕಿನ ಹೊಲಗಳನ್ನೂ ಹಳ್ಳಿಗಳನ್ನೂ ನುಂಗಿತು. ನದಿಗಳು ಕೂಡುವ ಚಿಕ್ಕಸಂಗಮದ ಸುತ್ತ ಈಗ ಮಳೆಗಾಲ ಮುಗಿಯುವ ಹೊತ್ತಿಗೆ ಕಣ್ಣು ಹಾಯುವವರೆಗೂ ನೀರು. ಜನರು ಪುನರ್ವಸತಿ ಕೇಂದ್ರಗಳೆಂಬ ಹೊಸ ಊರುಗಳಿಗೆ ಹಳೆಯ ಹೆಸರುಗಳನ್ನು ಹೊತ್ತೊಯ್ದರು. ಈ ನೀರನ್ನು ನೋಡಲು ಬರುವವನು ಅದರ ಕೆಳಗಿರುವುದನ್ನು ಮರೆಯದೆ ನೋಡಬೇಕು. ಚಿತ್ರ ತೆಗೆದುಕೊಂಡು ಆಹಾ ಎನ್ನುವವರ ಪಕ್ಕದಲ್ಲಿ, ಆ ನೀರಿನಡಿಯ ತನ್ನ ಹೊಲದ ಬದುವನ್ನು ಬೆರಳು ಮಾಡಿ ತೋರಿಸಬಲ್ಲ ಮುದುಕನೊಬ್ಬನು ನಿಂತಿರಬಹುದು. ಚಳಿಗಾಲ ಕಳೆದು ನೀರು ಇಳಿಯುತ್ತ, ಕೆಸರಿನ ದಂಡೆಗಳು ತೆರೆದಾಗ, ರಾಜಹಂಸಗಳು ಹಿಂಡುಹಿಂಡಾಗಿ ಬಂದಿಳಿಯುತ್ತವೆ. ಅವನ್ನು ನೋಡಲು ಶುಲ್ಕವಿಲ್ಲ, ಬೇಕಾದುದು ಬೆಳಗಿನ ಮೊದಲ ಬಸ್ಸು. ಬೀಳಗಿ ಕ್ರಾಸಿನಿಂದ ವಿಜಯಪುರದ ದಾರಿ ಹಿಡಿದರೆ ಕೊರ್ತಿಯಿಂದ ಕೊಲ್ಹಾರದವರೆಗೆ ಹಿನ್ನೀರಿನ ಮೇಲೆ ಚಾಚಿದ ಉದ್ದನೆಯ ಸೇತುವೆ. ದಾಟಿ ಇಳಿದೊಡನೆಯೆ ಕೊಲ್ಹಾರದ ಮೊಸರು. ಮಣ್ಣಿನ ಗಡಿಗೆಯಲ್ಲಿ ಹೆಪ್ಪುಗೊಂಡು, ಗಡಿಗೆ ಬೋರಲಿಟ್ಟರೂ ಬೀಳದೆಂದು ಮಾರುವವರು ಹೊಗಳುವ ಆ ಮೊಸರಿನ ಜೊತೆಗೆ ಮನೆಯಿಂದ ತಂದ ಕಡಕ್ ರೊಟ್ಟಿ, ಶೇಂಗಾ ಹಿಂಡಿಗಳಿದ್ದರೆ ಮಧ್ಯಾಹ್ನದ ಊಟ ಮುಗಿಯಿತು.

ಊಟದ ಮಾತು ಬಂದುದರಿಂದ ಇಷ್ಟು ಹೇಳುತ್ತೇನೆ. ಕಡಿಮೆ ಖರ್ಚಿನ ಯಾತ್ರೆಯೆಂದರೆ ಉಪವಾಸದ ಯಾತ್ರೆಯಲ್ಲ. ಬಸ್ ನಿಲ್ದಾಣದ ಎದುರಿಗೇ ಇರುವ ಹೊಟೇಲನ್ನು ಬಿಟ್ಟು, ಒಂದು ಓಣಿ ಒಳಗೆ ನಡೆದು, ಕಚೇರಿಯ ಕಾರಕೂನರೂ ಅಂಗಡಿಯ ಹುಡುಗರೂ ಉಣ್ಣುವ ಖಾನಾವಳಿಯನ್ನು ಹುಡುಕಿಕೊಳ್ಳಬೇಕು. ಕೊಚ್ಚಿಯಲ್ಲಿಯೂ ಮಂಗಳೂರಿನಲ್ಲಿಯೂ ಖಾನಾವಳಿಯ ಹೆಸರು ಬೇರೆಯಾದೀತು, ಅಲ್ಲಿ ಉಣ್ಣುವವರು ಇಂಥವರೇ. ನಮ್ಮ ರಾಜ್ಯದೊಳಗೆ 2023ರ ಜೂನ್ 11ರಿಂದ ಸಾಮಾನ್ಯ ಸಾರಿಗೆಯ ಬಸ್ಸುಗಳಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟಿನ ಹಣವೇ ಬೇಡವಾಗಿರುವುದರಿಂದ, ನಾನು ಹೇಳಿದ ನಾಲ್ಕು ಊರುಗಳ ಅಭ್ಯಾಸವು ತಾಯಂದಿರಿಗೆ ಗಂಡಸರಿಗಿಂತ ಅಗ್ಗ. ಮಂಗಳೂರಿನ ಸಿಟಿ ಬಸ್ಸುಗಳಲ್ಲಿ ಬಹುಪಾಲು ಖಾಸಗಿಯವು. ಅಲ್ಲಿಯೂ ಗಡಿಯಾಚೆಯೂ ಹಣ ತೆರಬೇಕಾಗುತ್ತದೆ, ಚಿಲ್ಲರೆ ಕೈಯಲ್ಲಿರಲಿ.

ಮುಂಬಯಿಯಿಂದ ಹೊರಟ ಹಡಗು ಕೊಚ್ಚಿಗೆ ಬಂದರೆ ವಿಲ್ಲಿಂಗ್‌ಡನ್ ದ್ವೀಪದಿಂದ ಎರ್ನಾಕುಳಂಗೂ ಕೋಟೆ ಕೊಚ್ಚಿಗೂ ನೀರಿನ ಮೇಲೆಯೇ ಹೋಗಬಹುದು. ಕೇರಳದ ಜಲಸಾರಿಗೆಯವರ ದೋಣಿಗಳ ದರವು ಸಾಮಾನ್ಯ ಬಸ್ಸಿನ ದರದಂತೆ, ಹಿನ್ನೀರಿನ ವಿಹಾರವೆಂದು ಹಣ ತೆತ್ತವರು ಕಾಣುವ ನೋಟವನ್ನೇ ಅವು ಕೆಲಸಕ್ಕೆ ಹೋಗುವವರಿಗೆ ದಿನವೂ ತೋರಿಸುತ್ತವೆ. 2023ರಿಂದ ಅಲ್ಲಿ ವಾಟರ್ ಮೆಟ್ರೋ ಎಂಬ ಹೊಸ ದೋಣಿಗಳೂ ಓಡುತ್ತಿವೆ. ಗೋವೆಯಲ್ಲಿ ಹಡಗು ನಿಲ್ಲುವುದು ಮುರಗಾಂವಿನಲ್ಲಿ. ಬಂದರಿನ ಬಾಗಿಲಲ್ಲಿ ಮುತ್ತಿಕೊಳ್ಳುವ ಟ್ಯಾಕ್ಸಿಯವರನ್ನು ನಗುತ್ತಲೇ ದಾಟಿ ವಾಸ್ಕೋ ಊರಿಗೆ ಬಂದರೆ ಕದಂಬ ಸಾರಿಗೆಯ ಬಸ್ಸುಗಳಿವೆ. ಪಣಜಿಗೆ ಹೋಗಿ ಅಲ್ಲಿಂದ ಹಳೆಯ ಗೋವೆಗೆ ಹೋಗಬಹುದು. 1605ರಲ್ಲಿ ಪೂರ್ಣವಾದ ಬೊಂ ಜೀಸಸ್ ದೇವಾಲಯವೊಂದನ್ನೇ ಸಾವಕಾಶವಾಗಿ ನೋಡಿಕೊಂಡು ಬರುವಷ್ಟು ಹೊತ್ತು ಸಿಕ್ಕುತ್ತದೆ. ಯಾವ ಬಸ್ಸು ಎಲ್ಲಿಗೆಂದು ತಿಳಿಯದಿದ್ದರೆ ಹಿಂದಿಗಾಗಿ ತಡಕಾಡಬೇಡಿ. ದುಡಿಮೆಗಾಗಿ ವಿಜಯಪುರ ಬಾಗಲಕೋಟೆಗಳ ಕಡೆಯಿಂದ ಹೋಗಿ ನೆಲಸಿದವರು ವಾಸ್ಕೋದಲ್ಲಿ ಬಹಳ ಮಂದಿ; ಮಾರುಕಟ್ಟೆಯ ಬೀದಿಯಲ್ಲಿ ಕನ್ನಡದಲ್ಲಿಯೇ ಗಟ್ಟಿಯಾಗಿ ಕೇಳಿ ನೋಡಿರಿ. “ಯಾವೂರ್ರೀ ನಿಮ್ದು?” ಎಂದು ಯಾರಾದರೊಬ್ಬರು ತಿರುಗಿ ಕೇಳಿಯೇ ಕೇಳುತ್ತಾರೆ, ಜಮಖಂಡಿ ಎಂದರೆ, “ನಮ್ದು ಬೀಳಗಿ ತಾಲೂಕ್ರೀ” ಎಂದು ನಿಲ್ದಾಣದವರೆಗೆ ತಾವೇ ಬಂದು, ಬಸ್ಸು ತೋರಿಸಿ, “ಮೂರರೊಳಗ ಹೊಳ್ಳಿ ಬರ್ರಿ ಅಣ್ಣಾರ, ಸಂಜಿಮುಂದ ರಸ್ತೆ ಬಾಳ ಗದ್ದಲಿರ್ತೈತಿ” ಎಂದು ಎಚ್ಚರಿಸಿ ಹೋದರೂ ಹೋದಾರು.